ಬೆಳಗಿನ ಶ್ರುತಿ

“ಇನ್ನೊಂದು ಸಲ ಹಾಕಿ ಭಾವ,” ಎಂದ ಪತ್ತೇದಾರ.

ಭಾವ ಮರುಮಾತಾಡದೆ ಟೇಪನ್ನು ಹಿಂದಕ್ಕೆ ಸುತ್ತಿದರು. ಮೊದಲು ಯಂತ್ರದ ಒಂದು ಸಪಾಟು ಸೀಟಿ, ಆಮೇಲೆ ತುಸು ಮೌನ, ಆಮೇಲೆ ಮರದ ಕೊಳವೆಗಳ ಪುಟ್ಟ ಆರ್ಗನ್. ಅದರ ಬೆನ್ನಿಗೇ ಅಕ್ಕನ ದನಿ ಎದ್ದಿತು. ಕರುಣೆ ತೋರು ಎಂದು ದೇವರನ್ನು ಬೇಡುವ ಹಾಡು. ಕೇಳಿದವರು ಕರಗಿ ನೀರಾಗಬೇಕು, ಹಾಗೆ ಹಾಡಿದ್ದಳು.

ಪತ್ತೇದಾರ ಕರಗಲಿಲ್ಲ. ಜೇಬಿನಿಂದ ಉಕ್ಕಿನ ಶ್ರುತಿಕವೆಯನ್ನು ತೆಗೆದು ಮೊಣಕಾಲಿಗೆ ತಟ್ಟಿ ಕಿವಿಯ ಪಕ್ಕ ಹಿಡಿದ. ಎರಡು ಕಡ್ಡಿಗಳ ಆ ಕವೆ ಸಣ್ಣಗೆ ತನ್ನ ಒಂದೇ ಸ್ವರವನ್ನು ಹೇಳಿತು. ಟೇಪಿನ ಆರ್ಗನ್ ಅದೇ ಸ್ವರವನ್ನು ಒಂದು ಎಳೆ ಕೆಳಗೆ ಹೇಳಿತು. ಎರಡೂ ಕೂಡಿದ ಕಡೆ ಸದ್ದು ನಡುಗಿತು.

ಅವನು ಬಂದದ್ದು ಇದಕ್ಕಲ್ಲ. ಹಿಂದಿನ ವಾರ ಪ್ರಾರ್ಥನಾಲಯದ ಗಂಟೆಗೋಪುರದ ಮೆಟ್ಟಿಲ ಬುಡದಲ್ಲಿ ತಲೆಯೊಡೆದು ಬಿದ್ದಿದ್ದ, ಅಕ್ಕನ ಮೇಳದ ಮೇಷ್ಟ್ರು ಇನ್ನೂ ಕಣ್ಣು ಬಿಟ್ಟಿರಲಿಲ್ಲ. ಅವರನ್ನು ನೂಕಿದನೆಂದು ಹಿಡಿದಿದ್ದ ತಿದಿ ಎಂಬ ಆಳನ್ನು ಈ ಮಧ್ಯಾಹ್ನ ಕೋರ್ಟಿಗೆ ಒಯ್ಯುವವರಿದ್ದರು. ಅದಕ್ಕೂ ಮುಂಚೆ ಆ ಸಂಜೆ ತಾನು ಕೇಳಿದ್ದನ್ನು ಇನ್ನೊಮ್ಮೆ ಕೇಳಿ, ಕೊಟ್ಟ ಹೇಳಿಕೆ ಸರಿಯಿದೆಯೆಂದು ಮನಸ್ಸು ಗಟ್ಟಿಮಾಡಿಕೊಳ್ಳೋಣ ಎಂದು ಬೆಳಿಗ್ಗೆಯೇ ಭಾವನ ರೆಕಾರ್ಡಿಂಗ್ ಕೋಣೆಗೆ ಬಂದಿದ್ದ. ಕವೆ ತಟ್ಟಿದ್ದು ಬರೀ ಚಾಳಿಯಿಂದ. ಕೆಲವರು ಕೂತಲ್ಲಿ ಕಾಲು ಅಲ್ಲಾಡಿಸುತ್ತಾರೆ, ಇವನು ಕವೆ ತಟ್ಟುತ್ತಾನೆ.

ಕವೆ ಅಕ್ಕ ಕೊಟ್ಟದ್ದು. ಅಮ್ಮ ತೀರಿಕೊಂಡ ಮೇಲೆ ಅವನ ಮೂಗು ಒರೆಸಿ, ತಲೆ ಬಾಚಿ, ಶಾಲೆಗೆ ಕಳಿಸಿದವಳು ಅಕ್ಕ. ತಮ್ಮನನ್ನೂ ಹಾಡುಗಾರನನ್ನಾಗಿ ಮಾಡಬೇಕೆಂದು ಅವಳಿಗೆ ಆಸೆಯಿತ್ತು. ದಿನಾ ಈ ಕವೆಯನ್ನು ತಟ್ಟಿ ಅವನ ಕಿವಿಗೆ ಹಿಡಿದು, ತಾನು ಹಾಡಿ, “ಶ್ರುತಿ ಸರಿಯಿದೆಯಾ ಪುಟ್ಟಾ?” ಎಂದು ಕೇಳುತ್ತಿದ್ದಳು. ಬೇಕೆಂದೇ ಕೂದಲೆಳೆಯಷ್ಟು ತಪ್ಪಿಸಿ ಹಾಡಿದರೂ ಅವನು ಹಿಡಿಯುತ್ತಿದ್ದ. ಆದರೆ ಅವನೇ ಬಾಯಿ ತೆರೆದರೆ ಪಕ್ಕದ ಮನೆಯವರು ಕಿಟಕಿ ಮುಚ್ಚುತ್ತಿದ್ದರು. “ನಿನಗೆ ಕಿವಿ ಕೊಟ್ಟ ದೇವರು ಗಂಟಲು ಕೊಡೋದು ಮರೆತ,” ಎಂದು ಅಕ್ಕ ಕೊನೆಗೆ ಕೈಚೆಲ್ಲಿದಳು. ಹಾಗಾಗಿ ಅವನು ಪೊಲೀಸಾದ. ಇನ್‌ಸ್ಪೆಕ್ಟರ್ ಆಗಿ ಸಾಕಷ್ಟು ಹೆಸರು ಮಾಡಿ, ಮೇಲಿನವರ ಜೊತೆ ಹೊಂದದೆ ಕೆಲಸ ಬಿಟ್ಟು, ಈಗ ಸ್ವಂತ ಬೋರ್ಡು ಹಾಕಿಕೊಂಡು ಪತ್ತೇದಾರನಾಗಿದ್ದ.

“ಏನು, ಅಕ್ಕನ ಹಾಡಲ್ಲಿ ತಪ್ಪು ಹುಡುಕ್ತಾ ಇದ್ದೀಯಾ?” ಎಂದು ಭಾವ ನಕ್ಕರು. “ಅವಳಿಗೆ ಗೊತ್ತಾದ್ರೆ ನಿನ್ನ ಗತಿ ಮುಗೀತು.”

ಭಾವ ಧ್ವನಿಮುದ್ರಣದಲ್ಲಿ ಎತ್ತಿದ ಕೈ. ತೆಳ್ಳಗಿನ ಆಳು, ಬೆರಳುಗಳು ಇನ್ನೂ ತೆಳ್ಳಗೆ. ಟೇಪು ಕತ್ತರಿಸಿ ಅಂಟಿಸಿದರೆ ಎಲ್ಲಿ ಅಂಟಿಸಿದರೆಂದು ದೇವರಿಗೂ ಗೊತ್ತಾಗಬಾರದು. ಕೋಣೆಯ ಗೋಡೆಗಳಿಗೆಲ್ಲ ಬೂದುಬಣ್ಣದ ದಪ್ಪ ಬಟ್ಟೆ ಹೊದಿಸಿತ್ತು. ಕಿಟಕಿಯಿಲ್ಲ. ಕಪಾಟಿನ ತುಂಬ ತಗಡಿನ ಡಬ್ಬಿಗಳು, ಒಂದೊಂದರಲ್ಲೂ ಮಹಾಸ್ತುತಿಯ ಒಂದೊಂದು ತುಂಡು.

ಮಹಾಸ್ತುತಿ ಎಂದರೆ ಸಣ್ಣಪುಟ್ಟ ಭಜನೆಯಲ್ಲ. ಶತಮಾನಗಳ ಹಿಂದೆ ಬರೆದಿಟ್ಟ, ಎರಡು ದೊಡ್ಡ ಗಾಯಕ ಮೇಳಗಳು ಎದುರುಬದುರು ನಿಂತು ಹಾಡುವ, ಕೇಳಿ ಮುಗಿಸುವಷ್ಟರಲ್ಲಿ ಹಸಿವಾಗುವಂಥ ದೇವಸ್ತುತಿ. ಅದನ್ನು ಬರೆದ ಕಾಲದಲ್ಲಿ ಹೇಗೆ ಕೇಳಿಸಿತ್ತೋ ಹಾಗೆಯೇ ರೆಕಾರ್ಡ್ ಮಾಡಬೇಕೆಂಬುದು ಮೇಷ್ಟ್ರ ಹಟ. ಪಿಟೀಲಿಗೆ ಕುರಿಯ ಕರುಳಿನ ತಂತಿ. ತುತ್ತೂರಿಗೆ ಗುಂಡಿಗಳಿಲ್ಲ. ಕೊಳಲು ಲೋಹದ್ದಲ್ಲ, ಮರದ್ದು. ಶ್ರುತಿಯೂ ಹಳೆಯದೇ, ಈಗಿನದಕ್ಕಿಂತ ಅರ್ಧ ಸ್ವರ ಕೆಳಗೆ. ಅಕ್ಕ ಕೊಟ್ಟ ಕವೆಯೂ ಅದೇ ಹಳೆಯ ಶ್ರುತಿಯದು. ಯಾರಾದರೂ ಏನಾದರೂ ಹೊಸದನ್ನು ಹತ್ತಿರ ತಂದರೆ ಮೇಷ್ಟ್ರು ಕೈಕೋಲು ನೆಲಕ್ಕೆ ಕುಟ್ಟಿ “ಆ ಕಾಲದಲ್ಲಿ ಅದು ಇರಲಿಲ್ಲ” ಎನ್ನುತ್ತಿದ್ದರು. ಅವರ ಕನ್ನಡಕ ಮಾತ್ರ ಈ ಕಾಲದ್ದು, ಅದರ ಬಗ್ಗೆ ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

“ಭಾವ, ಅದೇ ದಿನ ಬೆಳಿಗ್ಗೆ ಮೇಳ ಹಾಡಿತಲ್ಲ, ಆ ಟೇಪು ಹಾಕಿ.”

“ಅದ್ಯಾಕೆ?”

“ಹಾಕಿ.”

ಭಾವ ಡಬ್ಬಿ ತೆರೆದು ಟೇಪು ಏರಿಸಿದರು. ಅದೇ ಸಪಾಟು ಸೀಟಿ, ಆಮೇಲೆ ಎರಡು ಮೇಳಗಳು ಒಟ್ಟಿಗೆ ಎದ್ದು ಕೋಣೆಯನ್ನು ತುಂಬಿದವು. ಎಲ್ಲ ದನಿಗಳ ಕೆಳಗೆ ಅದೇ ಪುಟ್ಟ ಆರ್ಗನ್ ಗುನುಗುತ್ತಿತ್ತು. ಪತ್ತೇದಾರ ಕವೆ ತಟ್ಟಿದ. ಆರ್ಗನ್ ಕವೆಗಿಂತ ಒಂದು ಎಳೆ ಕೆಳಗಿತ್ತು.

“ಈಗ ಸಂಜೆಯ ಮೇಳ. ಎಲ್ಲರೂ ಮನೆಗೆ ಹೋಗೋ ಮುಂಚೆ ಹಾಡಿದ್ದು.”

ಈ ಸಲ ಭಾವನ ಕೈ ಡಬ್ಬಿಯ ಮೇಲೆ ತುಸು ಹೊತ್ತು ನಿಂತಿತು. ಆದರೂ ಹಾಕಿದರು. ಸೀಟಿ, ಮೇಳ, ತುತ್ತೂರಿ, ನಗಾರಿ. ಪತ್ತೇದಾರ ಕವೆ ತಟ್ಟಿದ. ಈಗ ಆರ್ಗನ್ ಕವೆಗಿಂತ ಒಂದು ಎಳೆ ಮೇಲಿತ್ತು.

ಇದರಲ್ಲಿ ಆಶ್ಚರ್ಯವೇನಿಲ್ಲ, ಮಹಾಸ್ತುತಿಯನ್ನು ಹಾಡುತ್ತಿದ್ದ ಪ್ರಾರ್ಥನಾಲಯದಲ್ಲಿ ಒಂದು ದಿನ ಕೂತವರಿಗೆಲ್ಲ ಗೊತ್ತಿರುವ ವಿಷಯ. ಕಲ್ಲಿನ ಕಟ್ಟಡ, ಚಳಿಗಾಲ. ಸದ್ದು ಬರುತ್ತದೆಂದು ಹೀಟರ್ ಹಾಕುವಂತಿಲ್ಲ. ಬೆಳಿಗ್ಗೆ ಒಳಗೆ ಹೋದರೆ ಹಲ್ಲು ಕಟಕಟ ಎನ್ನುತ್ತದೆ. ಸಂಜೆಯಷ್ಟರಲ್ಲಿ ಇಡೀ ಮೇಳದ ಉಸಿರಿಗೂ ದೊಡ್ಡ ದೀಪಗಳ ಕಾವಿಗೂ ಅದೇ ಜಾಗ ಒಲೆಯಂತಾಗಿರುತ್ತದೆ. ಗಾಳಿ ಬಿಸಿಯಾದ ಹಾಗೆ ಆರ್ಗನ್ನಿನ ಕೊಳವೆಗಳ ಶ್ರುತಿ ಏರುತ್ತದೆ. ಅದನ್ನು ಯಾರೂ ಹಿಡಿದು ನಿಲ್ಲಿಸಲಾರರು. ಅದಕ್ಕೇ ಪಿಟೀಲಿನವರು ದಿನವಿಡೀ ಬಿರಡೆ ತಿರುಗಿಸಿಕೊಂಡು, ಮೇಷ್ಟ್ರನ್ನು ಒಳಗೊಳಗೇ ಬೈದುಕೊಂಡು, ಆರ್ಗನ್ನಿನ ಹಿಂದೆ ಓಡುತ್ತಿರುತ್ತಾರೆ. ಉಕ್ಕಿನ ಕವೆ ಮಾತ್ರ ಚಳಿಗೂ ಜಗ್ಗದು, ಸೆಕೆಗೂ ಜಗ್ಗದು.

ಮೇಳದವರು ಹೊರಟು ಒಂದು ಲೋಟ ಚಹಾ ಕುಡಿಯುವಷ್ಟರಲ್ಲಿ ಅಕ್ಕ ಒಬ್ಬಳೇ ಒಳಗೆ ಹೋಗಿ, ಆ ಪುಟ್ಟ ಆರ್ಗನ್ನನ್ನು ಕಾಲಲ್ಲಿ ತುಳಿಯುತ್ತ, ತಾನೇ ನುಡಿಸಿಕೊಂಡು ಆ ಹಾಡನ್ನು ಹಾಡಿದ್ದಳು. ಹಾಡಿದ್ದಳೆಂದು ಎಲ್ಲರೂ ನಂಬಿದ್ದರು. ಒಲೆಯಂಥ ಆ ಜಾಗದಲ್ಲಿ ಆರ್ಗನ್ ಒಂದು ಲೋಟ ಚಹಾದ ಹೊತ್ತಿನಲ್ಲಿ ಬೆಳಗಿನ ಚಳಿಯ ಶ್ರುತಿಗೆ ಇಳಿಯುವುದು ಹೇಗೆ?

ಪತ್ತೇದಾರ ಕವೆಯನ್ನು ಮೇಜಿನ ಮೇಲಿಟ್ಟ. ಮರಕ್ಕೆ ತಾಗಿ ಅದು ಇನ್ನೊಮ್ಮೆ ಸಣ್ಣಗೆ ಮೊಳಗಿತು.

“ಈ ಹಾಡು ಸಂಜೆ ಹಾಡಿದ್ದಲ್ಲ ಭಾವ.”

ಭಾವ ಟೇಪು ನಿಲ್ಲಿಸಿದರು. ಯಂತ್ರದ ವೇಗ ಒಂದೊಂದು ಸಲ ಹೆಚ್ಚುಕಮ್ಮಿ ಆಗುತ್ತದೆ, ವೇಗ ಇಳಿದರೆ ಶ್ರುತಿಯೂ ಇಳಿಯುತ್ತದೆ, ಇಷ್ಟಕ್ಕೆಲ್ಲ ಪತ್ತೇದಾರಿ ಯಾಕೆ ಎಂದು ಹಗುರವಾಗಿ ಹೇಳಲು ನೋಡಿದರು. ಹೇಳಿದ್ದೇನೋ ಹಗುರವಾಗಿಯೇ, ಆದರೆ ಬಾಯಿ ಒಣಗಿದ್ದು ಕೇಳಿಸುತ್ತಿತ್ತು.

“ಪ್ರತಿ ಟೇಪಿನ ತಲೆಗೂ ನೀವೇ ಯಂತ್ರದ ಸೀಟಿ ತುಂಬಿಸ್ತೀರಿ,” ಎಂದ ಪತ್ತೇದಾರ. “ವೇಗ ಸರಿಯಿದೆಯಾ ಅಂತ ನೋಡೋಕೆ. ಮೂರೂ ಟೇಪಿನ ಸೀಟಿ ಒಂದೇ ಇದೆ. ಒಂದು ಕೂದಲೂ ಅಲ್ಲಾಡಿಲ್ಲ.”

ಇಷ್ಟು ವರ್ಷ ಚಾಚೂ ತಪ್ಪದೆ ಮಾಡಿಕೊಂಡು ಬಂದ ಕೆಲಸವೇ ಭಾವನ ಬಾಯಿಗೆ ಬೀಗ ಹಾಕಿತ್ತು. ಅಚ್ಚುಕಟ್ಟಿಲ್ಲದ ಮನುಷ್ಯನಾಗಿದ್ದರೆ ಬಚಾವಾಗುತ್ತಿದ್ದರು.

ಪತ್ತೇದಾರನಿಗೆ ಆ ಸಂಜೆ ಕಣ್ಣಿಗೆ ಕಟ್ಟಿದ ಹಾಗೆ ನೆನಪಿತ್ತು. ಪ್ರಾರ್ಥನಾಲಯದ ಮೊಗಸಾಲೆಯ ಬೆಂಚಿನ ಮೇಲೆ ಅವನು ಕೂತಿದ್ದ. ಎದುರಿಗೆ ದೊಡ್ಡ ಬಾಗಿಲು, ಅದರ ಮೇಲೆ ಕೆಂಪು ದೀಪ. ಅದು ಉರಿಯುತ್ತಿದೆಯೆಂದರೆ ಒಳಗೆ ರೆಕಾರ್ಡಿಂಗ್ ನಡೆದಿದೆ ಎಂದರ್ಥ. ಬೆಂಕಿ ಬಿದ್ದರೂ ಬಾಗಿಲು ಮುಟ್ಟುವಂತಿಲ್ಲ, ಅದು ಅಲ್ಲಿನ ಕಟ್ಟಳೆ. ಬಾಗಿಲ ಆಚೆಯಿಂದ ಅಕ್ಕನ ಹಾಡು ಕೇಳುತ್ತಿತ್ತು. ಅವನು ಕಣ್ಣು ಮುಚ್ಚಿ ಕೇಳಿದ್ದ, ಒಂದು ಕಡೆ ಕಣ್ಣು ಒರೆಸಿಕೊಂಡದ್ದೂ ಉಂಟು. ಹಾಡು ಮುಗಿದು ದೀಪ ಆರಿತು, ಬಾಗಿಲು ತೆರೆಯಿತು, ಒಳಗಿನ ಸೆಕೆ ಮುಖಕ್ಕೆ ರಾಚಿತು. ಅಕ್ಕ ನಗುತ್ತ ಬಂದು ಅವನ ಕೈ ಹಿಡಿದು “ಹೇಗಿತ್ತು?” ಎಂದಳು. ಅವಳ ಕೈ ಮಂಜಿನಂತೆ ತಣ್ಣಗಿತ್ತು. ಹಾಡಿದಾಗೆಲ್ಲ ತನ್ನ ಕೈ ಹೀಗೇ ಆಗುತ್ತದೆಂದು ಅವಳೇ ಹೇಳಿದ್ದಳು.

ಸ್ವಲ್ಪ ಹೊತ್ತಿಗೆ ತಿದಿ ಅಂಗಳದಿಂದ ಓಡಿ ಬಂದ. ದೊಡ್ಡ ಆರ್ಗನ್ನಿನ ತಿದಿ ಒತ್ತಿ ಒತ್ತಿ ಅದೇ ಹೆಸರಾದ ಆಳು ಅವನು. ವಾದ್ಯಗಳ ರಿಪೇರಿಯೂ ಅವನದೇ. ಕೈಯೆಲ್ಲ ರಕ್ತ. ಮೇಷ್ಟ್ರು ಮೆಟ್ಟಿಲ ಬುಡದಲ್ಲಿ ಬಿದ್ದಿದ್ದಾರೆ, ಎತ್ತಲು ಬನ್ನಿ ಎಂದು ತೊದಲಿದ. ಹಾಡು ನಡೆಯುತ್ತಿದ್ದಾಗಲೇ ಗೋಪುರದ ಕಡೆ ಏನೋ ದಬದಬ ಉರುಳಿದ ಸದ್ದು ಕೇಳಿತೆಂದು ಗೇಟಿನ ಕಾವಲುಗಾರ ಪೊಲೀಸರಿಗೆ ಹೇಳಿದ. ಅದೇ ಮಧ್ಯಾಹ್ನ ತಿದಿಗೂ ಮೇಷ್ಟ್ರಿಗೂ ಆರ್ಗನ್ನಿಗೆ ಹೊಸ ತೊಗಲು ಹಾಕುವ ವಿಷಯದಲ್ಲಿ ಜಗಳವಾಗಿ, “ನಿಮ್ಮ ತಲೆ ಒಂದಿನ ನಾನೇ ಒಡೀತೀನಿ” ಎಂದು ತಿದಿ ಎಲ್ಲರೆದುರು ಕೂಗಾಡಿದ್ದ. ಪೊಲೀಸರಿಗೆ ಇನ್ನೇನು ಬೇಕು?

ಗೋಪುರಕ್ಕೆ ಎರಡೇ ದಾರಿ. ಒಂದು ಅಂಗಳದಿಂದ, ಇನ್ನೊಂದು ಪ್ರಾರ್ಥನಾಲಯದ ಒಳಗಿನ ಸಣ್ಣ ಬಾಗಿಲಿನಿಂದ. ಒಳಗಿನ ದಾರಿಯನ್ನು ಪೊಲೀಸರ ಲೆಕ್ಕದಿಂದ ತೆಗೆದುಹಾಕಿದ್ದು ಪತ್ತೇದಾರನ ಹೇಳಿಕೆಯೇ. ನಾನು ಅಲ್ಲೇ ಇದ್ದೆ, ಹಾಡು ಎಲ್ಲೂ ನಿಲ್ಲಲಿಲ್ಲ, ದೊಡ್ಡ ಬಾಗಿಲಿಂದ ಯಾರೂ ಒಳಗೆ ಹೋಗಲಿಲ್ಲ ಎಂದು ಅವನು ಸಹಿ ಹಾಕಿದ್ದ. ಅವನ ಮಾತಿಗೆ ಇಲಾಖೆಯಲ್ಲಿ ಈಗಲೂ ತೂಕವಿತ್ತು. ಆ ತೂಕವೆಲ್ಲ ತಿದಿಯ ತಲೆಯ ಮೇಲೆ ಕೂತಿತ್ತು.

“ಒಳಗೆ ದೊಡ್ಡ ಸ್ಪೀಕರ್ ಇದೆ,” ಎಂದ ಪತ್ತೇದಾರ. “ಹಾಡಿದ್ದನ್ನ ಮೇಳಕ್ಕೆ ಕೇಳಿಸೋಕೆ ಇಟ್ಟಿರೋದು. ಬೆಳಿಗ್ಗೆಯ ಟೇಪನ್ನ ಅದರಲ್ಲಿ ಹಾಕಿ, ಕೆಂಪು ದೀಪ ಹಚ್ಚಿ, ನನ್ನ ಕಣ್ಣಿಗೆ ಮಣ್ಣೆರಚಿದಿರಿ. ನಾನು ಹೊರಗೆ ಕೂತು ಕಣ್ಣೀರು ಬೇರೆ ಹಾಕ್ದೆ. ಟೇಪು ಹಾಡೋ ಹೊತ್ತಿಗೆ ನೀವು ಗೋಪುರ ಹತ್ತಿದಿರಿ.”

ಕಳ್ಳರು, ಕೊಲೆಗಡುಕರು, ದೊಡ್ಡ ಮನುಷ್ಯರು, ಎಲ್ಲರಿಂದಲೂ ಅವನು ಮೋಸ ಹೋಗಿದ್ದುಂಟು. ಅದು ಕಸುಬಿನ ಭಾಗ, ಮೈಗೆ ಹತ್ತುತ್ತಿರಲಿಲ್ಲ. ಇವರು ಅಕ್ಕನ ಗಂಡ. ಅವನಿಗೆ ಸೈಕಲ್ ಕಲಿಸಿದವರು, ಮೊದಲ ಸಲ ಮೀಸೆ ಬೋಳಿಸಿಕೊಂಡಾಗ ಕೆನ್ನೆಗೆ ಹತ್ತಿ ಒತ್ತಿದವರು. ಮನೆಯೊಳಗಿನವರು ಬೆನ್ನಿಗೆ ಚೂರಿ ಹಾಕಿದರೆ ಯಾವ ಠಾಣೆಗೆ ಹೋಗಿ ದೂರು ಕೊಡುವುದು ಎಂದು ಅವನಿಗೆ ತೋಚಲಿಲ್ಲ. ಸಿಟ್ಟಿಗಿಂತ ಹೆಚ್ಚಾಗಿ ನಾಚಿಕೆಯಾಗುತ್ತಿತ್ತು.

“ನಾನು ಗೋಪುರ ಹತ್ತಿದೆನಾ?” ಎಂದು ಭಾವ ಮೆಲ್ಲಗೆ ಕೇಳಿದರು.

“ಮತ್ತೆ ಇನ್ಯಾರು?”

“ನೀನು ಬೆಂಚಿನ ಮೇಲೆ ಕೂತಿದ್ದೆ. ನಿನ್ನ ಎಡಕ್ಕೆ ಏನಿತ್ತು?”

ಎಡಕ್ಕೆ ಯಂತ್ರಗಳ ಸಣ್ಣ ಕೋಣೆ, ಅದಕ್ಕೊಂದು ಗಾಜಿನ ಕಿಟಕಿ. ಗಾಜಿನ ಹಿಂದೆ ಯಂತ್ರದ ಮೇಲೆ ಬಗ್ಗಿದ್ದ ಭಾವನ ಬೋಳುತಲೆ. ಹಾಡಿನ ನಡುವೆ ಒಮ್ಮೆ ತಲೆಯೆತ್ತಿ ಅವನತ್ತ ಕೈ ಮಾಡಿದ್ದರು, ಅವನೂ ಕೈ ಮಾಡಿದ್ದ. ಹಾಡು ಮುಗಿಯುವವರೆಗೆ ಆ ಬೋಳುತಲೆ ಗಾಜಿನ ಹಿಂದಿನಿಂದ ಕದಲಿರಲಿಲ್ಲ.

ಇದು ಅವನಿಗೆ ನೆನಪಿರಲಿಲ್ಲವೆಂದಲ್ಲ. ನೆನಪಿತ್ತು. ನೆನಪಿದ್ದೂ ಅವನು ಭಾವನನ್ನೇ ಗೋಪುರ ಹತ್ತಿಸಿದ್ದ, ಯಾಕೆಂದರೆ ಭಾವ ಹತ್ತಿಲ್ಲವೆಂದಾದರೆ ಉಳಿಯುವ ಲೆಕ್ಕವನ್ನು ಮಾಡಲು ಅವನಿಗೆ ಧೈರ್ಯವಿರಲಿಲ್ಲ. ಹೊರಗಿನವನೊಬ್ಬ ಅವನ ಮುಂದೆ ಕೂತು ಈ ಕಥೆ ಹೇಳಿದ್ದರೆ ಎರಡನೆಯ ಮಾತಿಗೇ ಇಂಥವರೇ ಎಂದು ಬೆರಳು ತೋರಿಸುತ್ತಿದ್ದ. ಟೇಪು ಹಾಕಿದ್ದು ಭಾವ ಇರಬಹುದು. ಆದರೆ ಟೇಪು ಯಾರ ಬದಲಿಗೆ ಹಾಡಿತು?

“ಬೇಡ ಭಾವ,” ಎಂದ. ಯಾಕೆ ಹಾಗೆಂದನೋ ಅವನಿಗೇ ಗೊತ್ತಾಗಲಿಲ್ಲ.

ಭಾವ ಕುರ್ಚಿಯನ್ನು ಹತ್ತಿರ ಎಳೆದುಕೊಂಡು ಕೂತರು. ಈ ವಾರವಿಡೀ ನಿದ್ದೆ ಬಂದಿಲ್ಲ, ಯಾರಾದರೂ ಕೇಳಲಿ ಎಂದೇ ಕಾಯುತ್ತಿದ್ದೆ ಎಂದರು. ಆಮೇಲೆ ತಲೆ ತಗ್ಗಿಸಿಕೊಂಡು ಎಲ್ಲವನ್ನೂ ಹೇಳಿದರು.

ಆ ಬೆಳಿಗ್ಗೆ ಮೇಳ ಬರುವ ಮುಂಚೆಯೇ ಅಕ್ಕ ಗಂಡನ ಜೊತೆ ಪ್ರಾರ್ಥನಾಲಯಕ್ಕೆ ಹೋಗಿದ್ದಳು. ಅಭ್ಯಾಸಕ್ಕೆಂದು ಒಂದು ಸಲ ಹಾಡಿದಳು. ಭಾವ ಅದನ್ನು ಹಾಗೇ ತುಂಬಿಸಿಕೊಂಡರು. ಇಷ್ಟು ವರ್ಷಗಳಲ್ಲಿ ಅವಳು ಅಷ್ಟು ಚೆನ್ನಾಗಿ ಹಾಡಿದ್ದನ್ನು ಅವರು ಕೇಳಿರಲಿಲ್ಲ. ಸಂಜೆ ಮತ್ತೆ ಹಾಡುವುದೇ ಬೇಡ, ಇದನ್ನೇ ಇಡೋಣ ಎಂದು ಇಬ್ಬರೂ ಖುಷಿಪಟ್ಟರು.

ಮಧ್ಯಾಹ್ನ ಮೇಷ್ಟ್ರು ಗಂಡಹೆಂಡಿರಿಬ್ಬರನ್ನೂ ಗೋಪುರದ ಮೇಲಿನ ತಮ್ಮ ಕೋಣೆಗೆ ಕರೆಸಿದರು. ಕೂರಿ ಎನ್ನಲಿಲ್ಲ. ಹಳೆಯ ಕಾಗದಪತ್ರಗಳನ್ನೆಲ್ಲ ಮತ್ತೆ ಓದಿದ್ದೇನೆ, ಈ ಸ್ತುತಿ ಬರೆದ ಕಾಲದಲ್ಲಿ ಪ್ರಾರ್ಥನಾಲಯದಲ್ಲಿ ಹೆಂಗಸರು ಹಾಡುತ್ತಿರಲಿಲ್ಲ, ಮೇಲಿನ ದನಿಗಳೆಲ್ಲ ಚಿಕ್ಕ ಹುಡುಗರವೇ ಎಂದರು. ತುತ್ತೂರಿಯ ಗುಂಡಿ ತೆಗೆಸಿದವನು ಇದನ್ನು ಮಾತ್ರ ಬಿಟ್ಟರೆ ಸುಳ್ಳುಗಾರನಾಗುತ್ತೇನೆ ಎಂದರು.

“ಅವಳು ಅವರ ಮೇಳದಲ್ಲಿ ಹಾಡೋಕೆ ಶುರು ಮಾಡ್ದಾಗ ಅವರಿಗೊಂದು ಸ್ವಂತ ಕುರ್ಚಿ ಇರ್ಲಿಲ್ಲ,” ಎಂದರು ಭಾವ. “ಅವಳ ದನಿ ಕೇಳೋಕೆ ಜನ ಬಂದ್ರು, ಅವರು ದೊಡ್ಡೋರಾದ್ರು. ಅವತ್ತು ಅವಳ ಮುಖ ನೋಡಿ ಹೇಳಿದ್ರು, ಹೆಂಗಸಿನ ದನಿ ಆ ಕಾಲದಲ್ಲಿ ಇರ್ಲಿಲ್ಲ ಅಂತ. ಆಮೇಲೆ ನನ್ನ ಕಡೆ ತಿರುಗಿ, ಇವಳ ಹಾಡುಗಳನ್ನೆಲ್ಲ ಅಳಿಸಿಬಿಡು ಅಂದ್ರು. ನನಗೇ ಹೇಳಿದ್ರು ಕಣೋ.”

ಪತ್ತೇದಾರನಿಗೆ ಒಂದು ಕ್ಷಣ ಮೇಷ್ಟ್ರ ಮೇಲೆ ಸಿಟ್ಟು ಉಕ್ಕಿತು. ತಲೆಯೊಡೆದು ಮಲಗಿರುವ ಮುದುಕರ ಮೇಲೆ ಸಿಟ್ಟು ಮಾಡುವುದು ಸರಿಯಲ್ಲವೆಂದು ಗೊತ್ತಿದ್ದೂ ಉಕ್ಕಿತು.

ಭಾವ ಮುಂದುವರಿಸಿದರು. ಕೆಳಗಿಳಿದು ಬಂದ ಮೇಲೆ ಅಕ್ಕ ಅಳಲಿಲ್ಲ, ಯಾರಿಗೂ ಹೇಳಬೇಡ ಎಂದಳು. ಸಂಜೆ ಎಂದಿನಂತೆ ಹಾಡಲು ಹೋಗುತ್ತೇನೆ ಎಂದಳು. ಆ ಹೊತ್ತಿಗೆ ಮೇಷ್ಟ್ರು ಮೇಲೆ ಒಬ್ಬರೇ ಇರುತ್ತಾರೆ, ಒಂದೇ ಒಂದು ಸಲ ಕಾಲು ಹಿಡಿದು ಕೇಳಿಕೊಳ್ಳುತ್ತೇನೆ, ಅದನ್ನು ನಾಲ್ಕು ಜನ ನೋಡಿ ಆಡಿಕೊಳ್ಳಬಾರದು ಎಂದಳು. ನೀನು ಟೇಪು ಹಾಕಿ ಕೆಂಪು ದೀಪ ಹಚ್ಚು, ಯಾರೂ ಒಳಗೆ ಬರುವುದಿಲ್ಲ ಎಂದಳು. ಭಾವ ನಂಬಿದರು. ಹೆಂಡತಿಯ ಮಾನ ಉಳಿಸುತ್ತಿದ್ದೇನೆ ಎಂದುಕೊಂಡು ಗುಂಡಿ ಒತ್ತಿದರು.

“ಮೇಲೆ ಏನಾಯ್ತು?”

“ಕೇಳ್ದೆ. ಅವರೇ ಕಾಲು ಜಾರಿದ್ರು ಅಂದ್ಲು. ಇನ್ನೊಂದು ಸಲ ಕೇಳೋಕೆ ಹೋದ್ರೆ ಒಲೆ ಮೇಲಿನ ಹಾಲು ನೋಡ್ಕೋ ಅಂದ್ಲು. ಅಷ್ಟೇ. ಅವತ್ತಿಂದ ನಾವಿಬ್ರೂ ಅದೇ ಮನೇಲಿದ್ದೀವಿ.”

ಜಾರಿರಲೂಬಹುದು ಎಂದು ಪತ್ತೇದಾರ ತನಗೆ ತಾನೇ ಹೇಳಿಕೊಂಡ. ಮೆಟ್ಟಿಲು ಕಡಿದು, ಮೇಷ್ಟ್ರಿಗೆ ವಯಸ್ಸಾಗಿದೆ, ಮಾತಿಗೆ ಮಾತು ಬೆಳೆದಿರುತ್ತದೆ. ಮುಳುಗುವವನು ಕೈಗೆ ಸಿಕ್ಕಿದ್ದನ್ನು ಹಿಡಿದುಕೊಳ್ಳುವ ಹಾಗೆ ಆ ಮಾತನ್ನು ಹಿಡಿದುಕೊಂಡ. ಅಷ್ಟರಲ್ಲಿ ಇನ್ನೊಂದು ಪ್ರಶ್ನೆ ತಲೆಯೆತ್ತಿ ಅದನ್ನೂ ಕಿತ್ತುಕೊಂಡಿತು.

“ಯಾರೂ ನೋಡಬಾರದು ಅಂದಿದ್ರೆ, ನನ್ನನ್ನ ಯಾಕೆ ಕರೆಸಿದ್ರಿ?”

ಭಾವ ತಲೆಯೆತ್ತಿದರು. ಅವರ ಕಣ್ಣಲ್ಲಿ ಕಂಡದ್ದು ಕಪಟವಲ್ಲ, ಗೊಂದಲ.

“ನಾನೆಲ್ಲಿ ಕರೆಸ್ದೆ? ಗಾಜಿನಿಂದ ನಿನ್ನ ನೋಡಿ ನನ್ನ ಎದೆ ಧಸಕ್ಕಂತು. ಏನು ಮಾಡ್ಬೇಕು ಅಂತ ತಿಳೀದೆ ಕೈ ಎತ್ತಿದೆ. ನೀನೇ ಸುಮ್ನೆ ಬಂದೆ ಅಂದ್ಕೊಂಡೆ.”

ಅವನು ಸುಮ್ಮನೆ ಬಂದಿರಲಿಲ್ಲ. ಆ ದಿನ ಊಟದ ಹೊತ್ತು ಕಳೆದ ಮೇಲೆ ಅವನ ಕಚೇರಿಗೆ ಫೋನು ಬಂದಿತ್ತು. ಸಂಜೆ ಕೊನೆಯ ಹಾಡು ಪುಟ್ಟಾ, ನೀನು ಬಾಗಿಲ ಹೊರಗೆ ಕೂತು ಕೇಳಬೇಕು, ನೀನಿದ್ದರೆ ನನಗೆ ಧೈರ್ಯ ಎಂದು ಅಕ್ಕ ಹೇಳಿದ್ದಳು. ಎಷ್ಟೋ ವರ್ಷಗಳ ನಂತರ ಅಕ್ಕ ಹಾಗೆ ಕರೆದಳೆಂದು ಅವನು ಕೆಲಸ ಬಿಟ್ಟು, ಒಳ್ಳೆಯ ಅಂಗಿ ಹಾಕಿಕೊಂಡು ಓಡಿದ್ದ.

ಕಾಲು ಹಿಡಿಯಲು ಹೋಗುವವಳಿಗೆ ಸಾಕ್ಷಿ ಬೇಕಾಗುವುದಿಲ್ಲ.

ಅವಳು ಊರಲ್ಲಿರುವ ಅಷ್ಟು ಜನರಲ್ಲಿ ಅವನನ್ನೇ ಆರಿಸಿದ್ದಳು. ಅವನ ಮಾತನ್ನು ಪೊಲೀಸರು ಅಲ್ಲಗಳೆಯುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಬಾಗಿಲ ಆಚೆಯಿಂದ ಅವಳ ದನಿ ಕೇಳಿದರೆ ಅವನು ಕಣ್ಣು ಮುಚ್ಚಿಕೊಳ್ಳುತ್ತಾನೆ, ಬೇರೇನನ್ನೂ ಕೇಳುವುದಿಲ್ಲ ಎಂದೂ ಗೊತ್ತಿತ್ತು. ಅವನಲ್ಲಿದ್ದ ಪ್ರೀತಿಯನ್ನು ಅವಳು ಎಣ್ಣೆ ದೀಪದಂತೆ ತನಗೆ ಬೇಕಾದ ಕಡೆ ಎತ್ತಿಟ್ಟಿದ್ದಳು. ಭಾವ ಮೋಸ ಮಾಡಿದರೆಂದು ತಿಳಿದಾಗ ನೋವಾಗಿತ್ತು. ಇದಕ್ಕೆ ನೋವು ಎಂಬ ಹೆಸರೂ ಸಾಲದಾಯಿತು. ತಾನು ಇಷ್ಟು ವರ್ಷ ನಿಂತಿದ್ದ ಜಾಗವೇ ಸುಳ್ಳು ಎನ್ನಿಸಿತು.

ಮೇಜಿನ ಮೇಲೆ ಕವೆ ಬಿದ್ದಿತ್ತು. ಅವಳೇ ಕಲಿಸಿದ ಕಿವಿ, ಅವಳೇ ಕೊಟ್ಟ ಕವೆ. ಅದನ್ನು ಮಾತ್ರ ಅವಳು ಲೆಕ್ಕಕ್ಕೆ ಹಿಡಿದಿರಲಿಲ್ಲ. ಚಳಿಯಲ್ಲಿ ಹಾಡಿದ್ದನ್ನು ಸೆಕೆಯಲ್ಲಿ ಕೇಳಿಸಿದರೆ ಅವನಿಗೆ ಗೊತ್ತಾಗುತ್ತದೆಂದು ಅವಳಿಗೆ ಹೊಳೆಯದೆ ಹೋಯಿತು.

“ಈಗ ಏನ್ಮಾಡ್ತೀಯಾ?” ಎಂದರು ಭಾವ.

ತಿದಿಯ ಹೆಂಡತಿ ನಿನ್ನೆ ಅವನ ಕಚೇರಿಗೆ ಬಂದಿದ್ದಳು. ಅತ್ತು ರಂಪ ಮಾಡಿ ಹೋಗಿದ್ದರೆ ಸಹಿಸಿಕೊಳ್ಳಬಹುದಿತ್ತು. ಅವಳು ಬಾಗಿಲಲ್ಲಿ ನಿಂತು, ನೀವು ಸುಳ್ಳು ಹೇಳುವವರಲ್ಲ ಎಂದು ನನ್ನ ಗಂಡನೇ ಹೇಳುತ್ತಾನೆ, ಹಾಗಾದರೆ ಏನಾಯಿತು ಎಂದು ನೀವೇ ಹೇಳಿ ಎಂದು ಕೇಳಿದ್ದಳು. ಅವನ ಬಳಿ ಉತ್ತರವಿರಲಿಲ್ಲ. ಈಗ ಇತ್ತು. ಆ ಉತ್ತರ ಕೊಟ್ಟರೆ ತಿದಿ ಮನೆಗೆ ಹೋಗುತ್ತಾನೆ, ಅಕ್ಕ ತಿದಿಯ ಜಾಗಕ್ಕೆ ಹೋಗುತ್ತಾಳೆ. ಬಾಯಿ ಮುಚ್ಚಿಕೊಂಡಿದ್ದರೆ ಮಧ್ಯಾಹ್ನದ ಹೊತ್ತಿಗೆ ತಾನು ಅಮಾಯಕನೊಬ್ಬನ ಬದುಕಿಗೆ ಕೊಳ್ಳಿ ಇಟ್ಟವನಾಗುತ್ತಾನೆ.

“ಠಾಣೆಗೆ ಹೋಗಿ ನನ್ನ ಹೇಳಿಕೆ ವಾಪಸ್ ತಗೋತೀನಿ,” ಎಂದು ಎದ್ದು ನಿಂತ. “ಆಮೇಲೆ ಮೇಷ್ಟ್ರು ಎಚ್ಚರಾಗಲಿ. ಜಾರಿದ್ರೋ, ಬೇರೆ ಏನೋ, ಅವರೇ ಹೇಳಲಿ. ಮೇಲೆ ಏನಾಯ್ತು ಅಂತ ಗೊತ್ತಿರೋ ಇನ್ನೊಬ್ಬರು ಅಂದ್ರೆ ಅವರೇ.”

ಹೇಳಿದ ಮಾತು ಅವನ ಕಿವಿಗೇ ವಾಪಸು ಬಿತ್ತು. ಕೋಟಿನ ತೋಳಿಗೆ ಹಾಕಿದ ಕೈ ಅಲ್ಲೇ ನಿಂತಿತು.

ಮೇಷ್ಟ್ರು ಆಸ್ಪತ್ರೆಯಲ್ಲಿದ್ದರು. ತಿದಿ ನಿರಪರಾಧಿಯಾಗಿದ್ದರೆ ನಿಜವಾದ ಅಪರಾಧಿ ಅವರ ಬಾಯಿ ಮುಚ್ಚಿಸಲು ಬರಬಹುದು ಎಂದು ಪತ್ತೇದಾರನೇ ಮುಂದಾಲೋಚನೆ ಮಾಡಿ ಬಾಗಿಲಿಗೆ ಕಾವಲು ಹಾಕಿಸಿದ್ದ. ಡಾಕ್ಟರು, ನರ್ಸು ಬಿಟ್ಟರೆ ಒಬ್ಬರನ್ನು ಮಾತ್ರ ಒಳಗೆ ಬಿಡಬೇಕು, ಅವರು ಹೇಳಿದ ಹಾಗೆ ಕೇಳಬೇಕು ಎಂದು ಪೊಲೀಸ್ ಪೇದೆಗೆ ತಾಕೀತು ಮಾಡಿದ್ದ. ಹಗಲಿರುಳು ಮೇಷ್ಟ್ರ ಹಾಸಿಗೆಯ ಪಕ್ಕ ಕೂತು ನೋಡಿಕೊಳ್ಳಲು ಅಕ್ಕನಿಗಿಂತ ನಂಬಿಕಸ್ಥರು ಬೇರೆ ಯಾರಿದ್ದಾರೆ ಎಂದು ಎಲ್ಲರೆದುರು ಹೆಮ್ಮೆಯಿಂದ ಹೇಳಿಕೊಂಡಿದ್ದ.

“ಅಕ್ಕ ಬೆಳಿಗ್ಗೆ ಎಷ್ಟೊತ್ತಿಗೆ ಹೋದ್ಲು?”

“ನಿನ್ನೆಯಿಂದ ಅಲ್ಲೇ ಇದ್ದಾಳೆ,” ಎಂದರು ಭಾವ.

ಅಷ್ಟರಲ್ಲಿ ಕಪಾಟಿನ ಪಕ್ಕದ ಫೋನು ಬಡಿದುಕೊಳ್ಳತೊಡಗಿತು. ಇಬ್ಬರೂ ಅದನ್ನು ನೋಡುತ್ತ ನಿಂತರು. ಕೊನೆಗೆ ಪತ್ತೇದಾರ ಎತ್ತಿಕೊಂಡ.

“ಪುಟ್ಟಾ,” ಎಂದಳು ಅಕ್ಕ. “ನಿನ್ನ ಕಚೇರಿಗೆ ಮಾಡ್ದೆ, ನೀನು ಭಾವನ ಹತ್ರ ಹೋಗಿದ್ದೀಯ ಅಂದ್ರು. ಮೇಷ್ಟ್ರು ಕಣ್ಣು ಬಿಟ್ರು. ಇನ್ನೂ ಯಾರಿಗೂ ಹೇಳಿಲ್ಲ, ನಿನಗೇ ಮೊದ್ಲು.”

ಅವಳ ದನಿ ಎಂದಿನಂತೆ ಇಂಪಾಗಿತ್ತು. ಡಾಕ್ಟರನ್ನು ಕರೆ ಅಕ್ಕ, ನಾನು ಈಗಲೇ ಬರುತ್ತೇನೆ, ಪೇದೆಯ ಕೈಗೆ ಫೋನು ಕೊಡು ಎಂದ. ಪೇದೆಯನ್ನು ಪಾಪ ಚಹಾ ಕುಡಿದು ಬಾ ಎಂದು ತಾನೇ ಕಳಿಸಿದ್ದಾಗಿ ಅವಳು ಹೇಳಿದಳು.

ಭಾವ ಬಾಗಿಲು ತೆರೆದು ಮೋಟಾರಿನ ಕೀ ಹುಡುಕುತ್ತಿದ್ದರು.

“ಅಲ್ಲಿ ಏನು ಮಾಡ್ತಿದ್ದೀಯಾ ಇಷ್ಟು ಬೆಳಿಗ್ಗೆ?” ಎಂದಳು ಅಕ್ಕ. “ಆ ಟೇಪು ಕೇಳ್ತಿದ್ದೀಯಾ?”

“ಹೂಂ.”

ಆ ಕಡೆ ಯಾರೋ ಮುದುಕರು ಕಷ್ಟಪಟ್ಟು ಉಸಿರೆಳೆಯುವುದು ದೂರದಲ್ಲಿ ಕೇಳಿಸಿತು.

“ಕವೆ ಜೇಬಲ್ಲಿತ್ತಾ?”

ಮೇಜಿನ ಮೇಲಿದ್ದ ಕವೆಯತ್ತ ಅವನ ಕಣ್ಣು ಹೋಯಿತು.

“ಹೇಳು ಪುಟ್ಟಾ,” ಎಂದಳು ಅವಳು, ಅವನು ಚಿಕ್ಕವನಿದ್ದಾಗ ಕೇಳುತ್ತಿದ್ದ ಅದೇ ದನಿಯಲ್ಲಿ. “ಶ್ರುತಿ ಸರಿಯಿತ್ತಾ?”

ಅವನು ಜೀವಮಾನದಲ್ಲಿ ಅಕ್ಕನಿಗೆ ಶ್ರುತಿಯ ವಿಷಯದಲ್ಲಿ ಸುಳ್ಳು ಹೇಳಿದವನಲ್ಲ. ಈಗ ಮೇಷ್ಟ್ರ ಪ್ರಾಣ ಆ ಒಂದು ಸುಳ್ಳಿನ ಮೇಲೆ ನಿಂತಿತ್ತು.

“ಸರಿಯಿತ್ತು ಅಕ್ಕ,” ಎಂದ.

ಅಕ್ಕ ನಿಟ್ಟುಸಿರು ಬಿಟ್ಟಳು. “ಸುಳ್ಳು ಹೇಳುವಾಗ ನಿನ್ನ ದನಿ ಏರತ್ತೆ,” ಎಂದಳು. “ಚಿಕ್ಕಂದಿನಿಂದ್ಲೂ ಹಾಗೇ.”

ಅವಳು ಫೋನನ್ನು ಇಡಲಿಲ್ಲ, ಮೇಜಿನ ಮೇಲೆ ಮಲಗಿಸಿದಳು. ಅವಳ ಚಪ್ಪಲಿಯ ಸದ್ದು ದೂರ ಸರಿಯುವುದು ಅವನಿಗೆ ಕೇಳಿಸಿತು. ಆಮೇಲೆ ಒಳಗಿನಿಂದ ಬಾಗಿಲ ಚಿಲಕ ಹಾಕಿದ ಸದ್ದು ಕೇಳಿಸಿತು.